ಭಾಷಾ ಪತ್ರಿಕೆಗೆ ಓದೋದು, ಬರೆಯೋದು ಹೇಗೆ? ಹಾಸನದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಜಿಲ್ಲೆಯ ಕಾಲೇಜುಗಳಲ್ಲಿ, ಹೇಮಗಂಗೋತ್ರಿಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಭಾಷಾ ಪತ್ರಿಕೆ ತೆಗೆದುಕೊಂಡವರಿಗಾಗಿ ಇದನ್ನು ಬರೆದಿದ್ದೇನೆ. ಅಸೈನ್‌ಮೆಂಟ್, ಸೆಮಿನಾರ್ ಪೇಪರ್, ಪ್ರಾಜೆಕ್ಟ್ ಅಂದಾಕ್ಷಣ ಪ್ರತಿ ವರ್ಷ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. ಪೂರ್ತಿ ಓದಬೇಕು ಅಂತೇನಿಲ್ಲ. ನಿಮ್ಮ ತಲೆನೋವು ಯಾವುದೋ ಸೀದಾ ಅಲ್ಲಿಗೆ ಹೋಗಿ.

ಪಿಯುಸಿವರೆಗೆ ಭಾಷೆಯಲ್ಲಿ ಒಳ್ಳೆ ಮಾರ್ಕ್ಸ್ ಬರ್ತಿತ್ತು. ಇಲ್ಲಿ ಅರ್ಧ ಬರೋದೂ ಕಷ್ಟ ಆಗಿದೆ. ಏನಾಯ್ತು?

ನಿಮ್ಮ ಭಾಷೆಗೆ ಏನೂ ಆಗಿಲ್ಲ, ಕೇಳುವ ಪ್ರಶ್ನೆ ಬದಲಾಗಿದೆ. ಅಲ್ಲಿ ಪಾಠದಲ್ಲಿ ಏನಿದೆ ಅಂತ ಕೇಳುತ್ತಿದ್ದರು, ನೆನಪಿಟ್ಟು ಅಚ್ಚುಕಟ್ಟಾಗಿ ಬರೆದರೆ ಮುಗೀತು. ಇಲ್ಲಿ ಈ ಮಾತನ್ನು ಯಾರು ಹೇಳಿದರು, ಯಾವ ಆಧಾರದ ಮೇಲೆ ಹೇಳಿದರು, ನೀವು ಒಪ್ಪುತ್ತೀರೋ ಇಲ್ಲವೋ, ಯಾಕೆ ಅಂತ ಕೇಳುತ್ತಾರೆ. ಗೈಡ್ ನೋಡಿ ಬರೆದ ಉತ್ತರದಲ್ಲಿ ಇದ್ಯಾವುದೂ ಇರುವುದಿಲ್ಲ. ಅಲ್ಲಿನ ಮಾತು ಯಾರದ್ದೂ ಅಲ್ಲ, ಸುಮ್ನೆ ಗಾಳಿಯಲ್ಲಿ ತೇಲುತ್ತಿರುತ್ತದೆ. ವಿಶ್ವವಿದ್ಯಾಲಯದ ಬರವಣಿಗೆಯಲ್ಲಿ ಪ್ರತಿ ಮಾತಿಗೂ ಒಬ್ಬ ವಾರಸುದಾರ ಇರಬೇಕು. ಅವರು ಒಂದೋ ನೀವು ಓದಿದ ಲೇಖಕರು, ಇಲ್ಲವೇ ನೀವೇ. ಮುಂದಿನ ಉತ್ತರಗಳೆಲ್ಲ ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ, ಮೊದಲೇ ಹೇಳಿಬಿಟ್ಟಿದ್ದೇನೆ.

ಸಂಶೋಧನಾ ಲೇಖನ ಎರಡನೇ ಪುಟ ದಾಟೋದ್ರೊಳಗೆ ನಿದ್ದೆ ಬರುತ್ತೆ. ಹೇಗೆ ಓದಬೇಕು?

ಮೊದಲ ಸಾಲಿನಿಂದ ಕೊನೆ ಸಾಲಿನವರೆಗೆ ಒಂದೇ ಸಮ ಓದೋದು ಕಾದಂಬರಿಗೆ ಸರಿ. ಲೇಖನಕ್ಕೆ ಬೇರೆ ದಾರಿ ಇದೆ. ಮೊದಲು ಶೀರ್ಷಿಕೆ, ಮೊದಲ ಪ್ಯಾರಾ, ಕೊನೆಯ ಎರಡು ಪ್ಯಾರಾ, ನಡುವಿನ ಉಪಶೀರ್ಷಿಕೆಗಳು, ಇಷ್ಟು ನೋಡಿ. ಹತ್ತು ನಿಮಿಷ ಸಾಕು. ಆಮೇಲೆ ಲೇಖನ ಮುಚ್ಚಿಟ್ಟು, ಇವರು ಏನು ಹೇಳೋಕೆ ಹೊರಟಿದ್ದಾರೆ ಅಂತ ಒಂದೇ ಸಾಲು ಬರೆಯಿರಿ. ತಪ್ಪಾದರೂ ಪರವಾಗಿಲ್ಲ, ಓದುತ್ತಾ ತಿದ್ದಿಕೊಳ್ಳಬಹುದು. ಆ ಒಂದು ಸಾಲು ಕೈಯಲ್ಲಿದ್ದರೆ ಮುಂದಿನ ಹದಿನೈದು ಪುಟ ಓದೋದು ಹುಡುಕಾಟ ಆಗುತ್ತದೆ, ಆಗ ನಿದ್ದೆ ಬರುವುದು ಕಡಿಮೆ.

ಇದು ಹೊಸ ವಿದ್ಯೆ ಏನಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲೇ ಎಸ್‌ಕ್ಯೂ3ಆರ್ ಅನ್ನುವ ಕ್ರಮ ಹೇಳಿದ್ದರು: ಮೇಲ್ನೋಟ, ಪ್ರಶ್ನೆ, ಓದು, ನೋಡದೆ ಹೇಳುವುದು, ಮರುನೋಟ. ಇದರಲ್ಲಿ ನಮ್ಮ ಹುಡುಗರು ಹಾರಿಸುವುದು ನಾಲ್ಕನೆಯದನ್ನು. ಓದಿದ್ದನ್ನು ನೋಡದೆ ಹೇಳೋಕೆ ಹೋದರೆ ಎಷ್ಟು ಅರ್ಥವಾಗಿಲ್ಲ ಅಂತ ಬಯಲಾಗುತ್ತದಲ್ವಾ, ಅದಕ್ಕೇ ಯಾರಿಗೂ ಅದು ಇಷ್ಟ ಇಲ್ಲ. ಹಾಸ್ಟೆಲ್‌ನಲ್ಲಿ ಪಕ್ಕದ ಮಂಚದವರಿಗೆ ಎರಡು ನಿಮಿಷ ಹೇಳಿ ನೋಡಿ.

ಇನ್ನೊಂದು ಮುಖ್ಯ ವಿಷಯ. ಓದುವಾಗ "ಆದರೆ", "ಹಾಗಿದ್ದರೂ", "ಎಂಬುದು ಪೂರ್ತಿ ಸರಿಯಲ್ಲ" ಅನ್ನುವ ಕಡೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಲೇಖಕರು ಬೇರೆಯವರ ಅಭಿಪ್ರಾಯವನ್ನು ಒಂದು ಪುಟ ವಿವರಿಸಿ, ಮುಂದಿನ ಪುಟದಲ್ಲಿ "ಆದರೆ" ಅಂತ ಶುರುಮಾಡಿ ಅದನ್ನು ತಳ್ಳಿಹಾಕುತ್ತಾರೆ. ನಮ್ಮವರು ಮೊದಲ ಪುಟದ್ದನ್ನೇ ಎತ್ತಿ "ಇವರ ಪ್ರಕಾರ" ಅಂತ ಬರೆದಿರುತ್ತಾರೆ! ಅಸೈನ್‌ಮೆಂಟ್‌ಗಳಲ್ಲಿ ಇದಕ್ಕಿಂತ ಜಾಸ್ತಿ ಕಾಣುವ ತಪ್ಪು ಇನ್ನೊಂದಿಲ್ಲ. ಯಾರ ಮಾತು ಯಾರ ತಲೆಗೆ ಕಟ್ಟುತ್ತಿದ್ದೀರಿ ಅಂತ ನೋಡಿಕೊಳ್ಳಿ.

ಗೊತ್ತಿಲ್ಲದ ಪದ ಬಂದಾಗೆಲ್ಲ ನಿಘಂಟು ತೆಗೀಬೇಕಾ?

ಬೇಡ. ಒಂದು ಪುಟದಲ್ಲಿ ಅದೇ ಪದ ಮತ್ತೆ ಬಂದರೆ, ಅಥವಾ ಶೀರ್ಷಿಕೆಯಲ್ಲೇ ಇದ್ದರೆ ಆಗ ತೆಗೆಯಿರಿ. ಕನ್ನಡಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟು ಇದೆ, ಕಾಲೇಜು ಲೈಬ್ರರಿಯಲ್ಲಿ ಕೇಳಿ ನೋಡಿ. ಹಳಗನ್ನಡಕ್ಕೆ 1894ರ ಕಿಟ್ಟೆಲ್ ನಿಘಂಟು ಈಗಲೂ ಕೆಲಸಕ್ಕೆ ಬರುತ್ತದೆ. ಮೊಬೈಲ್‌ನಲ್ಲಿ ಬೇಕಾದರೆ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು ಉಚಿತ.

ಇಂಗ್ಲಿಷ್ ಪತ್ರಿಕೆಯವರಿಗೆ ಒಂದು ಒಳದಾರಿ ಇದೆ. ನ್ಯೂಜಿಲೆಂಡ್‌ನ ಎವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಅಕಾಡೆಮಿಕ್ ವರ್ಡ್ ಲಿಸ್ಟ್ ಅಂತ ಪ್ರಕಟಿಸಿದರು. ಎಲ್ಲ ವಿಷಯಗಳ ಪಠ್ಯದಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳು (ಒಂದೇ ಮೂಲದ ಪದಗಳ ಗುಂಪುಗಳು) ಅದರಲ್ಲಿವೆ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಲೇಖನ ಓದಲು ಒದ್ದಾಡುವವರು ದಪ್ಪ ನಿಘಂಟಿನ ಬದಲು ಈ ಪಟ್ಟಿ ಹಿಡಿಯುವುದು ಒಳ್ಳೆಯದು. ದಿನಕ್ಕೆ ಐದು ಪದ ಅಂದರೂ ನಾಲ್ಕು ತಿಂಗಳೊಳಗೆ ಮುಗಿಯುತ್ತದೆ.

ನೋಟ್ಸ್ ಮಾಡ್ತೀನಿ, ಆದರೆ ಬರೆಯೋಕೆ ಕೂತಾಗ ಏನೂ ಉಪಯೋಗಕ್ಕೆ ಬರಲ್ಲ.

ಯಾಕಂದರೆ ಅದು ನೋಟ್ಸ್ ಆಗಿರುವುದಿಲ್ಲ, ಪುಸ್ತಕದ ನಕಲು ಆಗಿರುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಹೇಳಿಕೊಟ್ಟ ವಿಧಾನ ಸುಲಭ. ಪುಟದ ಎಡಕ್ಕೆ ಸಣ್ಣ ಅಂಚು ಬಿಡಿ, ಬಲಕ್ಕೆ ಟಿಪ್ಪಣಿ ಬರೆಯಿರಿ, ಕೆಳಗೆ ನಾಲ್ಕು ಸಾಲಿನ ಸಾರ. ಎಡ ಅಂಚಿನಲ್ಲಿ ನಿಮ್ಮ ಪ್ರಶ್ನೆ, ನಿಮ್ಮ ಜಗಳ. ಲೇಖಕರ ಪದಗಳನ್ನೇ ಎತ್ತಿದರೆ ಉದ್ಧರಣ ಚಿಹ್ನೆ ಹಾಕಿ, ಪಕ್ಕದಲ್ಲೇ ಪುಟಸಂಖ್ಯೆ ಬರೆಯಿರಿ. ಆಗಲೇ, ಅಲ್ಲೇ. ನಾಳೆ ಹಾಕೋಣ ಅಂದುಕೊಂಡರೆ ಎರಡು ತಿಂಗಳ ನಂತರ ಆ ಸಾಲು ನಿಮ್ಮದೋ ಅವರದೋ ನಿಮಗೇ ಗೊತ್ತಾಗುವುದಿಲ್ಲ. ಕೃತಿಚೌರ್ಯದ ಆರೋಪ ಬರುವ ಎಷ್ಟೋ ಮಂದಿ ಕದಿಯುವ ಮನಸ್ಸಿನವರಲ್ಲ, ಬರೀ ಇಂಥ ಸೋಮಾರಿ ನೋಟ್ಸ್‌ನವರು.

"ಹಲ್ಮಿಡಿ ಶಾಸನವೇ ಕನ್ನಡದ ಮೊದಲ ಶಾಸನ" ಅಂತ ಬರೆದೆ. ಕೆಂಪು ಗೆರೆ ಎಳೆದಿದ್ದಾರೆ. ನಮ್ಮ ಜಿಲ್ಲೆಯದೇ ಶಾಸನ, ತಪ್ಪೇನಿದೆ?

ಅಭಿಮಾನ ಸರಿ, ವಾಕ್ಯ ಸರಿ ಇಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ ಈ 16 ಸಾಲಿನ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ವಿದ್ವಾಂಸರ ಗಮನಕ್ಕೆ ತಂದರು. ಸಾಮಾನ್ಯವಾಗಿ ಇದನ್ನು ಕ್ರಿ.ಶ. 450ರ ಸುಮಾರಿನದು ಅನ್ನುತ್ತಾರೆ. ಆದರೆ ಕಲ್ಲಿನ ಮೇಲೆ ಯಾವ ಇಸವಿಯೂ ಇಲ್ಲ. ಅಕ್ಷರದ ರೂಪ, ಭಾಷೆ, ಅದರಲ್ಲಿ ಬರುವ ಕದಂಬರ ಕಾಕುಸ್ಥನ ಹೆಸರು, ಇಂಥವನ್ನು ಇಟ್ಟುಕೊಂಡು ಲೆಕ್ಕ ಹಾಕಿದ ಕಾಲ ಅದು. ಇತ್ತ ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಇನ್ನೂ ಹಳೆಯದು, ಕ್ರಿ.ಶ. 370ರ ಹೊತ್ತಿನದು ಎಂಬ ವಾದ ಬಂದಿದೆ. ಹೀಗಿರುವಾಗ "ಮೊದಲ ಶಾಸನವೇ" ಅಂತ ಬರೆದರೆ ಓದುವವರಿಗೆ ಅನಿಸುವುದೇನು? ಇವರು ಒಂದೇ ಪುಸ್ತಕ ಓದಿದ್ದಾರೆ, ಅಥವಾ ಅದೂ ಓದಿಲ್ಲ.

ಹೀಗೆ ಬರೆದು ನೋಡಿ: "ಹಲ್ಮಿಡಿ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದು ಎಂದು ಗುರುತಿಸುತ್ತಾರೆ. ಶಾಸನದಲ್ಲಿ ಕಾಲದ ಉಲ್ಲೇಖ ಇಲ್ಲದಿರುವುದರಿಂದ ಈ ನಿರ್ಣಯ ಮುಖ್ಯವಾಗಿ ಲಿಪಿಯನ್ನು ನಂಬಿದೆ. ತಾಳಗುಂದದ ಶಾಸನ ಇದಕ್ಕಿಂತ ಹಳೆಯದೆಂಬ ಅಭಿಪ್ರಾಯವೂ ಇದೆ." ಮೂರು ವಾಕ್ಯ. ಹಲ್ಮಿಡಿಯ ಮಹತ್ವ ಒಂದು ಚೂರೂ ಕಮ್ಮಿಯಾಗಿಲ್ಲ, ಆದರೆ ಯಾರೂ ನಿಮ್ಮನ್ನು ಹಿಡಿದು ಕೇಳೋಕೆ ಆಗುವುದಿಲ್ಲ.

ಇದರ ಉಲ್ಟಾ ಕಾಯಿಲೆಯೂ ಇದೆ. ಹೆದರಿಕೊಂಡು ಪ್ರತಿ ವಾಕ್ಯಕ್ಕೂ "ಬಹುಶಃ ಇರಬಹುದೇನೋ ಎಂದು ಅನಿಸುತ್ತದೆ" ಅಂತ ಸೇರಿಸುವುದು. ಶಾಸನ 16 ಸಾಲು ಇದೆ ಅನ್ನೋದಕ್ಕೆ ಬಹುಶಃ ಯಾಕೆ? ಎಣಿಸಬಹುದಲ್ಲ. ಅನುಮಾನ ನಿಜವಾಗಿ ಎಲ್ಲಿದೆಯೋ ಅಲ್ಲಿ ಮಾತ್ರ ಅನುಮಾನ ತೋರಿಸಿ.

ಅಂದಹಾಗೆ, ಹಲ್ಮಿಡಿಗೆ ಹೋಗಿ ಫೋಟೋ ತೆಗೆದುಕೊಂಡು "ಮೂಲ ಶಾಸನವನ್ನು ನೋಡಿದೆ" ಅಂತ ಪ್ರಾಜೆಕ್ಟ್‌ನಲ್ಲಿ ಬರೆಯಬೇಡಿ. ಊರಿನಲ್ಲಿ ನಿಲ್ಲಿಸಿರುವುದು ಪ್ರತಿಕೃತಿ, ಮೂಲ ಕಲ್ಲು ಮೈಸೂರಿನಲ್ಲಿದೆ.

ಎರಡು ಪುಸ್ತಕ ಎರಡು ಥರ ಹೇಳಿದ್ರೆ ಯಾವುದನ್ನು ಬರೆಯೋದು?

ಎರಡನ್ನೂ. ನಿಜ ಹೇಳಬೇಕೆಂದರೆ ಅಂಥ ಜಾಗ ಸಿಕ್ಕಿದರೆ ಖುಷಿಪಡಿ, ನಿಮ್ಮ ಪೇಪರ್ ಶುರುವಾಗೋದೇ ಅಲ್ಲಿಂದ. ಬೇಲೂರನ್ನೇ ತೆಗೆದುಕೊಳ್ಳಿ. ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ಆಗಿದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಇದರಲ್ಲಿ ಜಗಳ ಇಲ್ಲ. ಯಾಕೆ ಕಟ್ಟಿಸಿದ ಅನ್ನುವುದರಲ್ಲಿ ಇದೆ. ಚೋಳರ ಕೈಯಿಂದ ತಲಕಾಡನ್ನು ಗೆದ್ದ ನೆನಪಿಗೆ ಅನ್ನುವವರಿದ್ದಾರೆ. ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದದ್ದಕ್ಕೆ ಅನ್ನುವವರಿದ್ದಾರೆ. ಕಲ್ಯಾಣದ ಚಾಲುಕ್ಯರ ಅಧೀನದಿಂದ ಹೊರಬರುವ ಆಸೆಯನ್ನು ಇದರಲ್ಲಿ ಕಾಣುವವರೂ ಇದ್ದಾರೆ.

ಸಾಮಾನ್ಯವಾಗಿ ಬರುವ ಅಸೈನ್‌ಮೆಂಟ್ ಹೇಗಿರುತ್ತದೆ ಅಂದರೆ, ಮೊದಲ ಪ್ಯಾರಾದಲ್ಲಿ ಒಬ್ಬರು ಹೇಳಿದ್ದು, ಎರಡನೆಯದರಲ್ಲಿ ಇನ್ನೊಬ್ಬರು ಹೇಳಿದ್ದು, ಮೂರನೆಯದರಲ್ಲಿ ಮತ್ತೊಬ್ಬರದ್ದು, ಕೊನೆಗೆ "ಹೀಗೆ ಬೇಲೂರಿನ ದೇವಾಲಯ ನಮ್ಮ ಹೆಮ್ಮೆ" ಅಂತ ಮಂಗಳ. ಅಷ್ಟು ಓದಿದವರು ನೀವು, ನಿಮ್ಮ ಮಾತೆಲ್ಲಿ ಸ್ವಾಮಿ? ಲೇಖಕರ ಪ್ರಕಾರ ಜೋಡಿಸುವುದನ್ನು ಬಿಟ್ಟು ವಾದದ ಪ್ರಕಾರ ಜೋಡಿಸಿ. ತಲಕಾಡಿನ ಗೆಲುವು ಅನ್ನುವವರ ಕೈಯಲ್ಲಿ ಏನಿದೆ? ಗೆಲುವು 1116ರದ್ದು, ಮರುವರ್ಷವೇ ಪ್ರತಿಷ್ಠೆ, ದೇವರಿಗೆ ವಿಜಯನಾರಾಯಣ ಅನ್ನುವ ಹೆಸರು. ಮತ ಬದಲಾವಣೆ ಅನ್ನುವವರ ಕೈಯಲ್ಲಿ? ವಿಷ್ಣುವಿನ ದೊಡ್ಡ ಗುಡಿ ಮತ್ತು ವೈಷ್ಣವ ಪರಂಪರೆಯ ಕಥನಗಳು. ಅವನ ರಾಣಿ ಶಾಂತಲೆ ಜೈನಳಾಗಿಯೇ ಇದ್ದಳು ಅನ್ನುವುದನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಸಮಕಾಲೀನ ಶಾಸನ, ಆಮೇಲೆ ಬರೆದ ಕಥನ, ಇವೆರಡರ ತೂಕ ಒಂದೇನಾ? ಇಷ್ಟು ಕೇಳಿಕೊಂಡರೆ ನಿಮ್ಮ ಮಾತು ತಾನಾಗಿ ಬರುತ್ತದೆ. ಎರಡು ಕಾರಣವೂ ಒಟ್ಟಿಗೆ ನಿಜ ಆಗಿರಬಹುದು ಅಂತಲೂ ನೀವು ವಾದಿಸಬಹುದು, ಆಧಾರ ಕೊಟ್ಟು.

ವಿಷಯ ನೀವೇ ಆರಿಸಿಕೊಳ್ಳಿ ಅಂದಿದ್ದಾರೆ. "ಕಾಡಾನೆ ಸಮಸ್ಯೆ" ಅಂತ ಕೊಟ್ಟರೆ ತುಂಬಾ ದೊಡ್ಡದಾಯ್ತು ಅಂತಾರೆ.

ದೊಡ್ಡದೇ. ಅದರ ಮೇಲೆ ಪಿಎಚ್‌ಡಿ ಹತ್ತು ಮಾಡಬಹುದು, ಎಂಟು ಪುಟದ ಪೇಪರ್ ಆಗುವುದಿಲ್ಲ. ಜಾಗ, ಜನ, ಕಾಲ ಈ ಮೂರರಲ್ಲಿ ಕನಿಷ್ಠ ಎರಡನ್ನು ಕಟ್ಟಿಹಾಕಿ, ಆಮೇಲೆ ಪ್ರಶ್ನೆಯ ರೂಪಕ್ಕೆ ತನ್ನಿ. "ಆಲೂರು, ಸಕಲೇಶಪುರ ಭಾಗದಲ್ಲಿ ಆನೆ ಓಡಾಟದಿಂದ ಕಾಫಿ ತೋಟದ ಕಾರ್ಮಿಕರ ಕೆಲಸದ ಹೊತ್ತು ಹೇಗೆ ಬದಲಾಗಿದೆ?" ಇದು ಪ್ರಶ್ನೆ. ಭಾಷಾ ಪತ್ರಿಕೆಯೇ ಆದರೆ ಇನ್ನೂ ಚೆಂದದ್ದು ಇದೆ: ಒಂದೇ ಆನೆ ದಾಳಿಯ ಸುದ್ದಿಯನ್ನು ಸ್ಥಳೀಯ ಪತ್ರಿಕೆ ಮತ್ತು ರಾಜ್ಯಮಟ್ಟದ ಪತ್ರಿಕೆ ಯಾವ ಮಾತಿನಲ್ಲಿ ಬರೆಯುತ್ತವೆ? ಆನೆ "ಬಂತು" ಅನ್ನುತ್ತಾರೋ "ನುಗ್ಗಿತು" ಅನ್ನುತ್ತಾರೋ? ಇಪ್ಪತ್ತು ಸುದ್ದಿ ಕತ್ತರಿಸಿ ಇಟ್ಟುಕೊಂಡರೆ ನಿಮ್ಮ ಆಕರ ಸಿದ್ಧ, ಯಾರಿಂದಲೂ ಕದಿಯಬೇಕಾಗಿಲ್ಲ.

"ನಾನು" ಅಂತ ಬರೆಯಬಹುದಾ?

ಬರೆಯಬಹುದು, ನಿಮ್ಮ ಮೇಷ್ಟ್ರು ಬೇಡ ಅನ್ನದಿದ್ದರೆ. "ಪ್ರಸ್ತುತ ಸಂಶೋಧಕಿಯ ಅಭಿಪ್ರಾಯದಲ್ಲಿ" ಅಂತ ಸುತ್ತಿ ಬಳಸಿ ಬರೆಯೋದಕ್ಕಿಂತ "ನಾನು ಇದನ್ನು ಒಪ್ಪುವುದಿಲ್ಲ, ಯಾಕೆಂದರೆ" ಅನ್ನುವುದೇ ಗಟ್ಟಿ. "ನನಗೆ ತುಂಬಾ ಇಷ್ಟವಾಯಿತು" ಅನ್ನೋದು ಮಾತ್ರ ಬೇಡ.

ಗ್ರಾಂಥಿಕ ಕನ್ನಡ ಬರಲ್ಲ. ಮಾತಾಡೋ ಥರ ಬರೆದರೆ ಮಾರ್ಕ್ಸ್ ಕಟ್ ಆಗುತ್ತಾ?

ಕ್ರಿಯಾಪದ, ವಿಭಕ್ತಿ ಬರವಣಿಗೆಯ ರೂಪದಲ್ಲಿರಲಿ. "ಹೇಳ್ತಾರೆ" ಬೇಡ, "ಹೇಳುತ್ತಾರೆ" ಇರಲಿ. ಅಷ್ಟು ಬಿಟ್ಟರೆ ಕಷ್ಟದ ಪದ ತುರುಕುವ ಅಗತ್ಯ ಇಲ್ಲ. "ಪರಿಪ್ರೇಕ್ಷ್ಯ", "ಆಯಾಮ", "ನೆಲೆಗಟ್ಟು" ಈ ಮೂರೂ ಒಂದೇ ವಾಕ್ಯದಲ್ಲಿ ಬಂದರೆ ಬರೆದವರಿಗೇ ಅರ್ಥವಾಗಿಲ್ಲ ಅಂತ ನನಗೆ ಅನುಮಾನ. ಪರಿಭಾಷೆ ಬೇರೆ ವಿಷಯ. ಛಂದಸ್ಸಿನ ಬಗ್ಗೆ ಬರೆಯುವಾಗ ಕಂದ, ರಗಳೆ, ಷಟ್ಪದಿ ಅನ್ನಲೇಬೇಕು, ಅದಕ್ಕೆ ಬದಲಿ ಪದ ಇಲ್ಲ.

ವಾಕ್ಯ ಐದು ಸಾಲು ದಾಟಿದರೆ ಒಮ್ಮೆ ಜೋರಾಗಿ ಓದಿ. ಕರ್ತೃ ಎಲ್ಲೋ, ಕ್ರಿಯಾಪದ ಎಲ್ಲೋ ಆಗಿದ್ದರೆ ನಾಲಿಗೆಗೇ ಗೊತ್ತಾಗುತ್ತದೆ.

ಎಷ್ಟು ಪರ್ಸೆಂಟ್ ಕಾಪಿ ಮಾಡಬಹುದು?

ಈ ಪ್ರಶ್ನೆಯೇ ತಲೆಕೆಳಗು, ಆದರೂ ಎಲ್ಲರೂ ಕೇಳುವುದರಿಂದ ಹೇಳುತ್ತೇನೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಕೃತಿಚೌರ್ಯ ತಡೆಯಲು ನಿಯಮ ತಂದಿತು. ಸಾಫ್ಟ್‌ವೇರ್ ತೋರಿಸುವ ಹೋಲಿಕೆ 10%ವರೆಗೆ ಇದ್ದರೆ ದಂಡನೆ ಇಲ್ಲ. ಪ್ರಬಂಧ, ಮಹಾಪ್ರಬಂಧಗಳಲ್ಲಿ 10ರಿಂದ 40% ಇದ್ದರೆ ಆರು ತಿಂಗಳ ಒಳಗೆ ತಿದ್ದಿ ಕೊಡಬೇಕು. 40ರಿಂದ 60% ಆದರೆ ಒಂದು ವರ್ಷ ತಿದ್ದಿದ್ದನ್ನೂ ಕೊಡುವಂತಿಲ್ಲ. 60% ದಾಟಿದರೆ ನೋಂದಣಿಯೇ ರದ್ದು. ಸರಿಯಾಗಿ ಉಲ್ಲೇಖಿಸಿ ಉದ್ಧರಿಸಿದ ಭಾಗ, ಆಕರಪಟ್ಟಿ ಇವು ಈ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಇದು ಯಂತ್ರದ ಲೆಕ್ಕ ಅಷ್ಟೇ. ಇಂಗ್ಲಿಷ್ ಲೇಖನವನ್ನು ಸಾಲು ಸಾಲಾಗಿ ಕನ್ನಡಕ್ಕೆ ಮಾಡಿ ನಿಮ್ಮ ಹೆಸರು ಹಾಕಿದರೆ ಸಾಫ್ಟ್‌ವೇರ್ ಹಿಡಿಯದೇ ಇರಬಹುದು, ಓದಿದ ಮೇಷ್ಟ್ರು ಹಿಡಿಯುತ್ತಾರೆ. ಕನ್ನಡ ವಾಕ್ಯದೊಳಗೆ ಇಂಗ್ಲಿಷಿನ ನಡಿಗೆ ಕಾಣುತ್ತದೆ. ಅನುವಾದ ಮಾಡಿದರೂ ಮಾತಿನ ವಾರಸುದಾರರು ಅವರೇ. ಹೆಸರು, ಪುಟ ಹಾಕಿ, "ಅನುವಾದ ನನ್ನದು" ಅಂತ ಸೇರಿಸಿ. ಬೇಲೂರು ಹಾಸನ ಜಿಲ್ಲೆಯಲ್ಲಿದೆ ಅನ್ನುವಂಥ ಎಲ್ಲರಿಗೂ ಗೊತ್ತಿರುವ ಮಾತಿಗೆ ಅಡಿಟಿಪ್ಪಣಿ ಬೇಕಿಲ್ಲ.

ಚಾಟ್‌ಜಿಪಿಟಿ ಬಳಸಬಹುದಾ?

ನಿಮ್ಮ ವಿಭಾಗದಲ್ಲಿ ಏನು ನಿಯಮ ಅಂತ ಮೊದಲು ಕೇಳಿ. ಕಾಗುಣಿತ ನೋಡೋಕೆ, ಕಷ್ಟದ ಇಂಗ್ಲಿಷ್ ಪ್ಯಾರಾದ ತಾತ್ಪರ್ಯ ಕೇಳೋಕೆ ಪರವಾಗಿಲ್ಲ. ಆಕರ ಮಾತ್ರ ಕೇಳಬೇಡಿ. ಇಲ್ಲದ ಪುಸ್ತಕ, ಇಲ್ಲದ ಪುಟ, ಇಲ್ಲದ ಶಾಸನ ಸಂಖ್ಯೆಯನ್ನು ನೋಡಿದವರ ಹಾಗೆ ಹೇಳಿಬಿಡುತ್ತದೆ. ಹಳಗನ್ನಡದಲ್ಲಂತೂ ಪದ್ಯವನ್ನೇ ಕಟ್ಟಿ ಕವಿಯ ಹೆಸರು ಹಾಕಿ ಕೊಡುವುದುಂಟು. ಕೈಯಲ್ಲಿ ಪುಸ್ತಕ ಹಿಡಿದು ಆ ಪುಟ ನೋಡದೆ ಯಾವುದನ್ನೂ ಪೇಪರ್‌ಗೆ ಹಾಕಬೇಡಿ.

ಆಕರ ಎಲ್ಲಿ ಹುಡುಕೋದು? ನಮ್ಮ ಕಾಲೇಜು ಲೈಬ್ರರಿಯಲ್ಲಿ ಗೈಡ್ ಬಿಟ್ಟರೆ ಏನಿಲ್ಲ.

ಶೋಧಗಂಗಾ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಉಚಿತ. ಕನ್ನಡದವೂ ಬೇಕಾದಷ್ಟಿವೆ. ಎಲ್ಲವೂ ಚೆನ್ನಾಗಿಲ್ಲ, ಹಾಗಾಗಿ ಪೂರ್ತಿ ನಂಬದೆ, ಮೊದಲ ಅಧ್ಯಾಯದಲ್ಲಿ ಪ್ರಶ್ನೆಯನ್ನು ಹೇಗೆ ಎತ್ತಿದ್ದಾರೆ, ಕೊನೆಗೆ ಯಾವ ಪುಸ್ತಕಗಳ ಪಟ್ಟಿ ಕೊಟ್ಟಿದ್ದಾರೆ ಅಂತ ನೋಡಿ. ನ್ಯಾಷನಲ್ ಡಿಜಿಟಲ್ ಲೈಬ್ರರಿ, ಇಂಟರ್ನೆಟ್ ಆರ್ಕೈವ್, ರಾಜ್ಯ ಸರ್ಕಾರದ 'ಕಣಜ' ಇವೂ ಇವೆ.

ನಮ್ಮ ಜಿಲ್ಲೆಯವರಿಗೆ ದೊಡ್ಡ ಗಣಿ ಅಂದರೆ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳ ಸರಣಿ. ಬಿ.ಎಲ್. ರೈಸ್ ಸಂಪಾದಿಸಿದ ಹಳೆಯ ಸರಣಿಯಲ್ಲಿ 5ನೇ ಸಂಪುಟ ಪೂರ್ತಿ ಹಾಸನ ಜಿಲ್ಲೆಯದು, 2ನೇ ಸಂಪುಟ ಶ್ರವಣಬೆಳಗೊಳದ್ದು. ಶ್ರವಣಬೆಳಗೊಳದ ಸಂಪುಟವನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ್ದು 1923ರಲ್ಲಿ ಬಂತು. ನಿಮ್ಮ ಊರಿನ ಹೆಸರು ಹುಡುಕಿ ನೋಡಿ, ಗುಡಿ ಹಿಂದಿನ ಕಲ್ಲು ಅದರಲ್ಲಿ ಸಿಕ್ಕರೂ ಸಿಕ್ಕೀತು. ಒಂದು ಎಚ್ಚರಿಕೆ: ಮೈಸೂರು ವಿಶ್ವವಿದ್ಯಾಲಯದಿಂದ ಆಮೇಲೆ ಬಂದ ಪರಿಷ್ಕೃತ ಸರಣಿಯಲ್ಲಿ ಸಂಪುಟದ ಸಂಖ್ಯೆ, ಶಾಸನದ ಸಂಖ್ಯೆ ಬದಲಾಗಿವೆ. ಯಾವ ಸರಣಿ ಅಂತ ಹೇಳದೆ ಬರೀ "ಬೇಲೂರು 58" (ಬೇಲೂರು ತಾಲ್ಲೂಕಿನ 58ನೇ ಶಾಸನ) ಅಂತ ಕೊಟ್ಟರೆ ಹುಡುಕುವವರು ತಪ್ಪು ಕಲ್ಲಿಗೆ ಹೋಗಿ ನಿಲ್ಲುತ್ತಾರೆ. ಹಲ್ಮಿಡಿಯನ್ನು ರೈಸ್ ಸಂಪುಟದಲ್ಲಿ ಹುಡುಕಿ ಸುಸ್ತಾಗಬೇಡಿ, ಅದು ಬೆಳಕಿಗೆ ಬಂದಿದ್ದೇ ಆಮೇಲೆ.

ಆಕರಪಟ್ಟಿಯಲ್ಲಿ ಎಂಎಲ್ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿಯಂತೆ ಸರ್‌ನೇಮ್ ಮೊದಲು ಹಾಕಿ ಅಂತಾರೆ. ನಮ್ಮವರಿಗೆ ಸರ್‌ನೇಮೇ ಇಲ್ಲವಲ್ಲ?

ಹೌದು, ಇದು ನಿಜವಾದ ಗೋಳು. ಊರ ಹೆಸರು, ಅಪ್ಪನ ಹೆಸರು ಇನಿಷಿಯಲ್‌ನಲ್ಲಿ ಕೂತಿರುತ್ತವೆ. ಕನ್ನಡ ಪುಸ್ತಕಗಳಲ್ಲಿ ರೂಢಿ ಏನೆಂದರೆ, ಕರೆಯುವ ಹೆಸರು ಮೊದಲು, ಇನಿಷಿಯಲ್ ಆಮೇಲೆ: "ಕೃಷ್ಣ, ಎಂ.ಎಚ್." ಅನ್ನುವ ಹಾಗೆ. ಕಾವ್ಯನಾಮ ಇದ್ದರೆ ಅದನ್ನೇ ಹಾಕಿ. ಎಂಎಲ್ಎ 9ನೇ ಆವೃತ್ತಿ 2021ರಲ್ಲಿ ಬಂದಿದೆ, ಹಳೆಯ ಗೈಡ್ ನೋಡಿ ಮಾಡಬೇಡಿ. ಯಾವ ಶೈಲಿ ಹಿಡಿದರೂ ಪಟ್ಟಿಯ ಕೊನೆಯವರೆಗೆ ಅದೇ ಇರಲಿ.

'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ್ರೆ ಮೇಷ್ಟ್ರಿಗೆ ಏನೇನೋ ಚಿಹ್ನೆ ಕಾಣುತ್ತಂತೆ.

ಹಳೆಯ ಫಾಂಟ್‌ನಲ್ಲಿ ಮಾಡಿರುತ್ತೀರಿ. ಯೂನಿಕೋಡ್ ಆರಿಸಿಕೊಂಡು ಟೈಪ್ ಮಾಡಿ. ಮಾಡಿ ಆಗಿದ್ದರೆ ಪರಿವರ್ತಕದಲ್ಲಿ ಬದಲಾಯಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ನೋಡಿ, ಅಲ್ಲೇ ಜಾಸ್ತಿ ಕೆಡುವುದು.

ಅರಸೀಕೆರೆಯಿಂದ ದಿನಾ ಓಡಾಡ್ತೀನಿ. ಕಾಫಿ ಕುಯ್ಲಿಗೆ ಮನೆಯಲ್ಲೂ ಇರಬೇಕು ಅನ್ನೋ ಸಕಲೇಶಪುರದ ಫ್ರೆಂಡ್ಸ್ ಇದ್ದಾರೆ. ಟೈಮ್ ಎಲ್ಲಿದೆ?

ಬಸ್ಸಿನಲ್ಲಿ, ರೈಲಿನಲ್ಲಿ ಬರೆಯೋಕೆ ಆಗಲ್ಲ, ಮೇಲ್ನೋಟದ ಓದು ಆಗುತ್ತದೆ. ಶೀರ್ಷಿಕೆ, ಮೊದಲ ಪ್ಯಾರಾ, ಕೊನೆಯ ಪ್ಯಾರಾ ಅಷ್ಟೇ. ಮಲೆನಾಡಿನವರು ಪಿಡಿಎಫ್‌ಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೆ ಕೈಕೊಡುತ್ತವೆ ಅಂತ ನಾನು ಹೇಳಬೇಕಾಗಿಲ್ಲ. ಕುಯ್ಲು ಡಿಸೆಂಬರ್ ಹೊತ್ತಿಗೆ ಜೋರಾಗುವುದು, ಆದ್ದರಿಂದ ಆ ಸೆಮಿಸ್ಟರಿನ ಪೇಪರ್‌ನ ಮೊದಲ ಕರಡನ್ನು ನವೆಂಬರ್‌ನಲ್ಲೇ ಮುಗಿಸಿ. ಕೆಟ್ಟ ಕರಡಾದರೂ ಸರಿ, ತಿದ್ದೋದು ಸಂಜೆ ಅರ್ಧ ಗಂಟೆಯಲ್ಲೂ ಆಗುತ್ತದೆ, ಶುರು ಮಾಡೋದು ಆಗಲ್ಲ.

ಮೇಷ್ಟ್ರು ಕೆಂಪು ಇಂಕಿನಲ್ಲಿ "ಸ್ಪಷ್ಟತೆ ಇಲ್ಲ" ಅಂತ ಮಾತ್ರ ಬರೆದಿದ್ದಾರೆ. ಏನು ತಿದ್ದಲಿ?

ಹೋಗಿ ಕೇಳಿ. "ಯಾವ ವಾಕ್ಯದಲ್ಲಿ ನಿಮಗೆ ದಾರಿ ತಪ್ಪಿತು?" ಅಂತ ಕೇಳಿದರೆ ಬಹಳ ಮಂದಿ ಬೆರಳಿಟ್ಟು ತೋರಿಸುತ್ತಾರೆ. "ಮಾರ್ಕ್ಸ್ ಯಾಕೆ ಕಡಿಮೆ?" ಅಂತ ಮಾತ್ರ ಶುರು ಮಾಡಬೇಡಿ.

ಕನಿಷ್ಠ ಎಷ್ಟು ಪುಟ ಇರಬೇಕು?

ನಿಮ್ಮ ವಿಭಾಗ ಹೇಳಿದಷ್ಟು. ಹೇಳಿಲ್ಲದಿದ್ದರೆ ಪ್ರಶ್ನೆಗೆ ಉತ್ತರ ಸಿಕ್ಕ ಪುಟದಲ್ಲಿ ನಿಲ್ಲಿಸಿ. ಫಾಂಟ್ ದೊಡ್ಡದು ಮಾಡಿ ಪುಟ ಜಾಸ್ತಿ ಮಾಡಿದ್ದು ಎಲ್ಲರಿಗೂ ಗೊತ್ತಾಗುತ್ತೆ.